ಇಪ್ಪತ್ತು ಮಾತುಗಳ ಪಟ್ಟಿ

ಮಾರ್ಚ್ ೧೪

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರಬೇಡ. ಇವರು ಹೇಗಿದ್ದಾರೆ ಎಂದು ಕೇಳಿದ್ದೀಯ. ಲಕ್ವ ಹೊಡೆದ ಕೈಗೆ ಸ್ವಲ್ಪ ಜೀವ ಬಂದಿದೆ, ಲೋಟ ಹಿಡಿಯುತ್ತಾರೆ. ಮಾತು ಮಾತ್ರ ಇಲ್ಲ. ಬುದ್ಧಿ ನೆಟ್ಟಗಿದೆ, ನಾವಾಡುವುದೆಲ್ಲ ತಿಳಿಯುತ್ತದೆ. ಬೇಕಾದ ಪದ ಬಾಯಿಗೆ ಬರುವುದಿಲ್ಲ. ಬಾಚಣಿಗೆ ಬೇಕಾದರೆ "ಅದು... ಅದು..." ಎಂದು ತಡಕಾಡಿ, ಕೊನೆಗೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಮೂವತ್ತು ವರ್ಷ ಬಾಚಣಿಗೆ ಹಿಡಿದೇ ದುಡಿದವರು.

ಮಾತು ಕಲಿಸಲು ಬರುವ ಹುಡುಗಿ ನನಗೊಂದು ಕೆಲಸ ಹಚ್ಚಿದಳು. ಇವರು ಮನೆಯಲ್ಲಿ ದಿನಾ ಆಡುತ್ತಿದ್ದ ಇಪ್ಪತ್ತು ಮಾತು ಬರೆದುಕೊಡಿ, ರೂಢಿಯ ಮಾತು ಬೇಗ ಮರಳಬಹುದು ಎಂದಳು. ಪೆನ್ನು ಹಿಡಿದು ಕೂತೆ. ಒಂದೂ ಹೊಳೆಯಲಿಲ್ಲ. ನಿನಗೆ ಹೇಳಿರಲಿಲ್ಲ ಅಕ್ಕ, ಮೂರು ವರ್ಷದಿಂದ ಇವರು ನನ್ನೊಡನೆ ಮಾತು ಬಿಟ್ಟಿದ್ದರು. ನೀನು ಬಂದಾಗ ಇಬ್ಬರೂ ನಿನ್ನೊಡನೆ ಹರಟುತ್ತಿದ್ದೆವು, ಅದಕ್ಕೇ ನಿನಗೆ ಗೊತ್ತಾಗಲಿಲ್ಲ.

ನಾಚಿಕೆ ಬಿಟ್ಟು ಇವರ ಕಟಿಂಗ್ ಅಂಗಡಿಗೆ ಹೋದೆ. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುವಾತ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ಹೇಳಿದ, "ಅಣ್ಣನ ಬಾಯಲ್ಲಿ ಬರ್ತಿದ್ದದ್ದೆಲ್ಲ ನಿಮ್ಮ ವಿಷಯಾನೇ ಅತ್ತಿಗೆ. ಮನೇಲಿ ನೀವೇನಂದ್ರಿ, ಅದಕ್ಕೆ ತಾವೇನಂದ್ರು, ದಿನಾ ಹೇಳೋರು. ನೀವು ಬೈದದ್ದನ್ನ ನಿಮ್ಮ ದನೀಲೇ ಮಾಡಿ ತೋರ್ಸೋರು. ನಕ್ಕೂ ನಕ್ಕೂ ಕತ್ತರಿ ಕೆಳಗಿಡ್ತಿದ್ವಿ." ಗಿರಾಕಿಯೂ ನೊರೆಯೊಳಗಿಂದಲೇ ನಕ್ಕ. ಹೋದ ಚಳಿಗಾಲದಲ್ಲಿ ಮಫ್ಲರ್ ಹಾಕಿಕೊಳ್ಳಿ ಎಂದು ನಾನು ಜಗಳವಾಡಿದ ಕಥೆ ಅವನಿಗೂ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ನಾನು ಹಾಗೆ ಹೇಳಿರಲಿಲ್ಲ. ಏನನ್ನೂ ಹೇಳಿರಲಿಲ್ಲ. ಎಲ್ಲ ಇವರೇ ಕಟ್ಟಿದ್ದು. ಹೌದು ಹೌದು ಎಂದು ನಕ್ಕು, ಅವನು ನೆನಪಿಸಿದ್ದನ್ನೆಲ್ಲ ಬರೆದುಕೊಂಡೆ. ಹತ್ತೊಂಬತ್ತು ಸಿಕ್ಕವು, ಒಂದನ್ನು ನಾನೇ ಸೇರಿಸಿದೆ. ದಾರಿಯುದ್ದಕ್ಕೂ ಅಳು ತಡೆಯಲಾಗಲಿಲ್ಲ.

ಒಂದೇ ಮನೆಯಲ್ಲಿ ಇಬ್ಬರಿದ್ದೂ ಇಷ್ಟೊಂದು ಒಂಟಿ ಅನ್ನಿಸುತ್ತದೆ, ಅಕ್ಕ. ನಿನಗಲ್ಲದೆ ಇನ್ಯಾರಿಗೆ ಹೇಳಿಕೊಳ್ಳಲಿ.

ನಿನ್ನ ಮೊಂಡು ತಂಗಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮಾತು ಬಿಟ್ಟವರು ಇವರಲ್ಲ, ನಾನು. ಯಾವುದೋ ಸಣ್ಣ ಸಿಟ್ಟಿಗೆ. ಆಮೇಲೂ ಆರು ತಿಂಗಳು ಇವರು ದಿನಾ ಅಂಗಡಿಯಿಂದ ಬಂದು, ಅಡುಗೆಮನೆ ಬಾಗಿಲಲ್ಲಿ ನಿಂತು "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ನಾನು ತಿರುಗದೆ ಪಾತ್ರೆ ತೊಳೆಯುತ್ತಿದ್ದೆ. ನಾನು ಸೇರಿಸಿದ ಮಾತು ಅದೇ. ಬೇರೆಲ್ಲಕ್ಕೂ ತಿಣುಕಾಡುತ್ತಾರೆ, ಹುಡುಗಿ ಒಂದೊಂದು ಮಾತಿಗೂ ಬರೆದಿಟ್ಟ ಕಾರ್ಡುಗಳಲ್ಲಿ ಅದನ್ನು ತೋರಿಸಿದರೆ ನನ್ನ ಮುಖ ನೋಡಿ ಬಾಯಿ ಬಿಗಿಹಿಡಿಯುತ್ತಾರೆ. ಕಷ್ಟವಾಗುತ್ತಿದೆ, ತೆಗೆದುಬಿಡೋಣವೇ ಎಂದಳು ಹುಡುಗಿ. ಬೇಡ ಎಂದೆ. ಈಗ ದಿನಾ ನಾನೇ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಉತ್ತರ ಬಂದಿಲ್ಲ. ಆರು ತಿಂಗಳಾಗಲು ಇನ್ನೂ ಬೇಕಾದಷ್ಟು ದಿನವಿದೆ.