ಹರಕೆಯ ಕರು

ಗುಂಡ್ಲುಪೇಟೆ
೧೪-೨-೧೯೫೬

ಪ್ರೀತಿಯ ಅಕ್ಕ ಮಲ್ಲಾಜಮ್ಮನಿಗೆ,

ಅವ್ವನ ಮನೆಯಲ್ಲಿ ನಾನು, ಮಗಳು ಈರಮ್ಮ, ಕರು ಮೂವರೂ ಚೆನ್ನಾಗಿದ್ದೇವೆ. ಚಾಮರಾಜನಗರದ ಆ ಮನೆಗೆ ನಾವಿಬ್ಬರೂ ಸೊಸೆಯರಾಗಿ ಹೋದಾಗಿನಿಂದ, ಬಂದ ಕಾಗದವನ್ನೆಲ್ಲ ಪಡಸಾಲೆಯಲ್ಲಿ ಕೂತು ಅತ್ತೆಗೆ ಓದಿ ಹೇಳುವವಳು ನೀನೇ ತಾನೆ. ಇದನ್ನೂ ಗಟ್ಟಿಯಾಗಿ ಓದು. ನುಂಗಿಕೊಂಡು ಓದಬೇಡ.

ಈರಮ್ಮನಿಗೆ ಮಾತು ಬಂತಾ ಎಂದು ಅತ್ತೆ ಕೇಳಿ ಕಳಿಸಿದ್ದಾರೆ. ಬಂದಿಲ್ಲ. ಒಂಬತ್ತು ತುಂಬಿದರೂ ಒಂದು ಸಲ ಅವ್ವ ಅಂದಿಲ್ಲ. ಹರಕೆ ತೀರಿಸುವ ಆತುರದಲ್ಲಿ ಸೋಮವಾರ ಕರು ಹೊಡೆದುಕೊಂಡು ಹೋಗಲು ಯಾರೂ ಬರುವುದು ಬೇಡ.

ಆ ಹರಕೆ ಹೊತ್ತದ್ದು ಎಂಥ ಮಗುವಿಗೆ ಅಂತ ನಿನಗೇ ಗೊತ್ತು ಅಕ್ಕ. ಓಲಗದ ಸದ್ದು ಕೇಳಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ, ಮುಟ್ಟಿದರೆ ಕಿರುಚುತ್ತಿದ್ದ, ಬಾಚಣಿಗೆ ಕಂಡರೆ ಅಟ್ಟ ಹತ್ತುತ್ತಿದ್ದ ಹುಡುಗಿ ಅವಳು. ತಾಯಿ ಸತ್ತ ಹೋರಿಗರುವಿಗೆ ನಾನು ಹಾಲು ಕುಡಿಸುವಾಗ ತಾನಾಗಿ ಬಂದು ಪಕ್ಕದಲ್ಲಿ ಕೂತಳು. ಅದರ ಹೊಟ್ಟೆಗೆ ಕಿವಿಯಿಟ್ಟು ಮಲಗಿದಳು. ದಿನ ಕಳೆದ ಹಾಗೆ ತಲೆ ಚಚ್ಚಿಕೊಳ್ಳುವುದು ನಿಂತಿತು. ಅದು ಹತ್ತಿರವಿದ್ದರೆ ಉಣ್ಣುತ್ತಾಳೆ, ಜಡೆ ಹಾಕಿಸಿಕೊಳ್ಳುತ್ತಾಳೆ. ಇಲ್ಲಿ ಸಂತೆಯ ದಿನ ಅಷ್ಟು ಗಲಾಟೆಯಲ್ಲೂ ಅದರ ಕತ್ತು ಹಿಡಿದು ಬೀದಿಯ ತುದಿವರೆಗೆ ಹೋಗಿಬಂದಳು.

ಇದನ್ನೆಲ್ಲ ಕಣ್ಣಾರೆ ಕಂಡ ಅತ್ತೆ ಏನಂದರು? "ಆಸೆ ಪಟ್ಟಿದ್ನೇ ದೇವ್ರಿಗೆ ಕೊಡ್ಬೇಕು ಕಣಮ್ಮಿ. ಕೂಸು ಬಾಯ್ಬುಟ್ಟ ದಿನ್ವೇ ಈ ಕರೂನ ಬಸವ ಬುಡ್ತೀನಿ" ಅಂದರು. ಬಸವ ಬಿಡುವುದೆಂದರೆ ಕಾದ ಕಬ್ಬಿಣದಲ್ಲಿ ಮುದ್ರೆ ಒತ್ತಿ ಊರ ಮೇಲೆ ಅಟ್ಟುವುದು. ಮಗುವಿಗೆ ಇರುವ ಒಂದು ಆಸರೆಯನ್ನು ಕಿತ್ತುಕೊಂಡು ಅವಳನ್ನು ಉದ್ಧಾರ ಮಾಡುತ್ತಾರಂತೆ. ಥೂ.

ಸುಡುವುದು ಬಿಟ್ಟು ಆ ಮನೆಯವರಿಗೆ ಬೇರೇನೂ ಬರುವುದಿಲ್ಲವಾ? ಹೋದ ವರ್ಷ ಮಾತು ಬರಲಿ ಎಂದು ಅರಿಸಿನದ ಕೊಂಬು ಸುಟ್ಟು ಅವಳ ಗಂಟಲಿಗೆ ಬರೆ ಎಳೆದರು. ಎಳೆದ ಕೈಯಲ್ಲೇ ಅತ್ತೆ ಬಂದವರಿಗೆಲ್ಲ ಕಡ್ಲೆಪುರಿ ಹಂಚಿ, ಕಾಫಿ ಕೊಟ್ಟರು. ನಮ್ಮ ಯಜಮಾನರು, ನಿನ್ನ ಮುದ್ದಿನ ಮೈದುನ, ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ಇದೆಲ್ಲ ತನಗೆ ನೋಡಕಾಗಲ್ಲ ಅಂತ ಆಮೇಲೆ ನನಗೇ ಹೇಳಿದರು. ಆ ಮುಖ ಕಣ್ಮುಂದೆ ಬಂದರೆ ಹೇಸಿಗೆಯಾಗುತ್ತದೆ. ಮಗಳ ಕಾಲು ಅದುಮಿ ಹಿಡಿದವಳು ನಾನು. ಅದು ಅದಕ್ಕಿಂತ ಹೇಸಿಗೆ. ಇವತ್ತಿಗೂ ಮುದ್ದೆ ಕಟ್ಟುವ ಮುಂಚೆ ಎರಡೆರಡು ಸಲ ಕೈ ತೊಳೆಯುತ್ತೇನೆ.

ಕರು ನಿಮ್ಮ ಕೊಟ್ಟಿಗೆಯದು, ನಿಜ. ಹೇಳದೆ ಕೇಳದೆ ಬೋರಯ್ಯನ ಅರಿಸಿನದ ಗಾಡಿಯಲ್ಲಿ ತಂದದ್ದೂ ನಿಜ. ಕಳ್ಳಿ ಅನ್ನುವುದಾದರೆ ಅನ್ನಲಿ. ಹರಕೆ ಕಟ್ಟಿದ್ದು ಹೇಗೋ ಹಾಗೇ ನಡೆಯಲಿ. ಮಾತು ಬಂದ ಮೇಲೆ ತಾನೆ ಬಸವ? ಅಲ್ಲಿಯವರೆಗೆ ದೇವರಿಗೂ ಅದರ ಮೇಲೆ ಹಕ್ಕಿಲ್ಲ.

ಅವ್ವ ನಿನ್ನನ್ನು ಬಹಳ ನೆನೆಯುತ್ತಾಳೆ. ಮಕ್ಕಳಿಗೆ ನನ್ನ ಆಶೀರ್ವಾದ.

ಇಂತಿ ನಿನ್ನ ತಂಗಿ,
ಚಿಕ್ಕಮಲ್ಲಮ್ಮ

ಮತ್ತೆ: ಇದನ್ನು ಬೇರೆ ಚೀಟಿಯಲ್ಲಿ ಬರೆದು ಲಕೋಟೆಯೊಳಗೆ ಇಟ್ಟಿದ್ದೇನೆ. ನೀನೊಬ್ಬಳೇ ಓದಿ ಒಲೆಗೆ ಹಾಕು. ಕಾಗದದಲ್ಲಿ ಬರೆದದ್ದು ಸುಳ್ಳು ಅಕ್ಕ. ಕಳೆದ ಶುಕ್ರವಾರ ಅವ್ವ ಕರುವಿನ ಹಗ್ಗ ಹಿಡಿದು ಜಗ್ಗುತ್ತಿದ್ದಳು, ಅದು ಏಳುತ್ತಿರಲಿಲ್ಲ. ಈರಮ್ಮ ಹೋಗಿ ಅವ್ವನ ಬೆರಳು ಬಿಡಿಸಿ, "ಬುಡು, ನೋಯ್ತದೆ" ಅಂದಳು. ಸ್ಪಷ್ಟವಾಗಿ ಅಂದಳು. ಒಂಬತ್ತು ವರ್ಷ ಕಾದಿದ್ದೆ ಈ ಮಾತಿಗೆ. ಬಾಗಿಲಲ್ಲಿ ಬೋರಯ್ಯ ನಿಂತಿದ್ದ, ಸಂಜೆಗೆ ನಿಮ್ಮೂರಿಗೆ ಗಾಡಿ ಕಟ್ಟುವವನು. ನಾನು ಓಡಿಹೋಗಿ ಮಗಳ ಬಾಯಿ ಮುಚ್ಚಿದೆ.