ಬೆಳ್ಳಗಿದ್ದರೆ ಇಳಿಯಬಹುದು

ಜುಲೈ 14, ಸೋಮವಾರ

ಸುರಪುರದ ಬಸ್ಸು ಇವತ್ತೂ ಲೇಟು. ಶಹಾಪುರದವರೆಗೂ ನಿಂತೇ ಬಂದೆ. ಕೆಳಗೆ ಕಾಳು ಮಾರಿಸಿಕೊಡುವ ಅಡತ್ ಅಂಗಡಿಯ ಧೂಳು ಆಫೀಸಿನ ಮೆಟ್ಟಿಲ ತುಂಬ.

ಹಣಮೇಶ ಸರ್, ಬರೆದ ಕೋಡು ವೆಬ್ ಪುಟವಾಗಿ ಸಿದ್ಧವಾಗುವ ಬಿಲ್ಡ್ ಮುಗಿಯುವುದನ್ನೇ ಕಾಯುತ್ತ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಓನರು ಹೀಗೆ ಬೆನ್ನ ಹಿಂದೆ ನಿಂತರೆ ನನಗೆ ಕೈಯೇ ಓಡುವುದಿಲ್ಲ.

“ಎಷ್ಟೊತ್ತು ಶಿವಾನಿ? ಮುಂಜಾನಿಂದ ತಿರಗಾಕತ್ತದ ಇದು.”

ಪ್ಲಗಿನ್ ಇದೆಯಲ್ಲ ಸರ್, ಅಂದೆ. ಹೊಸ ಜಾವಾಸ್ಕ್ರಿಪ್ಟನ್ನು ಹಳೇ ಫೋನಿಗೂ ತಿಳಿಯುವ ಹಾಗೆ ಇನ್ನೊಮ್ಮೆ ಬರೆದುಕೊಡುತ್ತದೆ. ಅದಕ್ಕೇ ತಡ.

“ಹಳಿ ಫೋನ್ ಯಾರ ಹಂತ್ಯಾಕ ಅದ ಈಗ? ನೂರಕ್ಕ ಒಬ್ರು. ತಗದ ಒಗಿ.”

ಆ ಒಬ್ಬರು ಯಾರೆಂದು ಗೊತ್ತು. ಊರಲ್ಲಿರುವ ನಮ್ಮ ಚಿಕ್ಕಪ್ಪ, ಮರಿಲಿಂಗಪ್ಪ ಕಾಕಾ. ಹೇಳಲಿಲ್ಲ.

ಜುಲೈ 15

ಈ ವೆಬ್ ಪುಟ ನನ್ನದೇ ಕೂಸು. ಹೊಳೆದಂಡೆಯ ರೈತರ ಸಂಘಕ್ಕೆ ಮಾಡಿದ್ದು. ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟರೆ ಸಂಘದವರು ಫೋನ್ ಮಾಡುತ್ತಾರೆ, ನಾನು ಗುಂಡಿ ಒತ್ತುತ್ತೇನೆ, ಎಲ್ಲರ ಫೋನಿನಲ್ಲೂ ಪುಟ ಕೆಂಪಾಗುತ್ತದೆ. ಇಲ್ಲದಿದ್ದರೆ ಬಿಳಿ, ಮೇಲೆ ನಾಲ್ಕು ಅಕ್ಷರ. ಬಣ್ಣ ಹೇಳಿಕೊಟ್ಟವರು ಕಾಕಾ. ಅವರಿಗೆ ಓದು ಬಾರದು.

“ಕೆಂಪಿದ್ರ ಮ್ಯಾಲ ಬರತೀನಿ, ಬೆಳ್ಳಗಿದ್ರ ಇಳೀತೀನಿ. ಅಕ್ಷರ ತಗೊಂಡು ನಾ ಏನ್ ಮಾಡ್ಲವಾ?”

ಪುಟ ಬಂದ ಮೇಲೆ ಊರಿನಲ್ಲಿ ಡಂಗುರ ನಿಂತಿದೆ. ಹೆಮ್ಮೆ ಅನಿಸುತ್ತದೆ, ಸುಳ್ಳು ಯಾಕೆ.

ಪ್ಲಗಿನ್ ತೆಗೆದೆ. ಬಿಲ್ಡ್ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಸರ್ ಚಹಾ ತರಿಸಿದರು. ಹೊಳೆಯಲ್ಲಿ ಸದ್ಯ ನೀರೆಲ್ಲಿದೆ — ದನ ದಾಟುತ್ತಿವೆ. ಭಾನುವಾರ ಊರಿಗೆ ಹೋಗಿ ನನ್ನ ಈ ಫೋನನ್ನೇ ಕಾಕಾಗೆ ಕೊಟ್ಟರಾಯಿತು. ನಮ್ಮ ಮನೆಯಲ್ಲಿ ಫೋನುಗಳು ಹಾಗೇ ಇಳಿಯುತ್ತವೆ: ನನ್ನಿಂದ ತಮ್ಮ ಬಸವನಿಗೆ, ಅವನಿಂದ ಕಾಕಾಗೆ. ಈ ಸಲ ಬಸವನಿಗಿಲ್ಲ. ರಂಪ ಮಾಡುತ್ತಾನೆ, ಮಾಡಲಿ.

ಜುಲೈ 20, ಭಾನುವಾರ

ಹೋಗಲಾಗಲಿಲ್ಲ. ಬಸುರಿ ಗೆಳತಿ ರಾಧಿಕಾಳ ಕುಬಸ ಇತ್ತು. ನನ್ನ ಹೊಸ ಫೋನೂ ಬಂದಿಲ್ಲ.

ಕಾಕಾಗೆ ಫೋನ್ ಮಾಡಿ, ಪುಟ ಹೇಗೆ ಕಾಣುತ್ತದೆ ಅಂತ ಕೇಳಿದೆ.

“ಬೆಳ್ಳಗ ಅದವಾ. ಆರಾಮ ಅದೀವಿ.”

ಅಕ್ಷರ ಇವೆಯೇನು ಅದರ ಮೇಲೆ?

“ಅಕ್ಷರದ ಗೊಡವಿ ನನಗ್ಯಾಕ?” ನಕ್ಕರು. ನಾನೂ ನಕ್ಕೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಹಳೇ ಫೋನು ಕೋಡಿನ ಮೊದಲ ಸಾಲಿಗೇ ಎಡವಿ ನಿಲ್ಲುತ್ತದೆ. ಏನನ್ನೂ ತೋರಿಸುವುದಿಲ್ಲ. ಬರೀ ಬಿಳಿ. ಕೆಟ್ಟರೂ ಬಿಳಿ, ಕ್ಷೇಮವಾದರೂ ಬಿಳಿ... ತಿರುಗಿ ಫೋನ್ ಮಾಡಿ, ಪುಟ ನಂಬಬೇಡಿ ಕಾಕಾ ಅನ್ನಬೇಕಿತ್ತು. ಅಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಶಿವಾನಿಯ ಪುಟ ಕೆಟ್ಟಿತಂತೆ ಅಂತ. ಮುಂದಿನ ಭಾನುವಾರ ಹೋಗುವವಳೇ ಇದ್ದೇನಲ್ಲ.

ಜುಲೈ 24, ಮುಂಜಾನೆ, ಬಸ್ಸಿನಲ್ಲಿ

ಆಫೀಸಿಗೆ ಕಾಲಿಡುವಾಗಲೇ ಸಂಘದವರ ಫೋನ್ ಬಂತು. ಬಹಳ ನೀರು ಬಿಟ್ಟಿದ್ದಾರೆ. ಗುಂಡಿ ಒತ್ತಿದೆ. ನನ್ನ ಫೋನ್ ಕೆಂಪು, ಸರ್ ಫೋನ್ ಕೆಂಪು. ಮತ್ತೆ ಸಂಘದವರ ಜೊತೆ ಮಾತು. ಚಹಾ ಬಂತು. ಲೋಟ ಕೈಗೆ ತೆಗೆದುಕೊಂಡಾಗ ಕಾಕಾ ನೆನಪಾದರು.

ಕಾಕಾನ ಫೋನನ್ನು ಕರೆಮ್ಮ ಕಾಕಿ ಎತ್ತಿದಳು.

“ಫೋನ್ ತೊಯ್ತದಂತ ಮನ್ಯಾಗೇ ಇಟ್ಟು ಹೋಗ್ಯಾರವಾ. ಮೋಟಾರಿಗಿ ಪೈಪ್ ಜೋಡಸಾಕ ಹೊಳಿಗಿ ಇಳದಾರ. ಈಗ ನೋಡೇ ಹೋದ್ರು. ಬೆಳ್ಳಗ ಅದ ಅಂದ್ರು.”

ಓಡು ಕಾಕಿ, ಅಂದೆ. ಓಡು. ಊರಿನ ಬಸ್ಸು ಹತ್ತಿದೆ. ಬಸ್ಸು ಯಾಕೆ ಇಷ್ಟು ನಿಲ್ಲು

ಜುಲೈ 27

ಮೋಟಾರು ಸಿಕ್ಕಿದೆ. ಕಾಕಾ ಇಲ್ಲ.

ಪಕ್ಕದ ಹೊಲದ ವೆಂಕಟಪ್ಪ ಕಟ್ಟೆಯ ಮೇಲೆ ಕೂತು ಅದನ್ನೇ ಹೇಳುತ್ತಾನೆ. “ನಾವೆಲ್ಲಾರೂ ಕೆಂಪ ನೋಡೇ ಮ್ಯಾಲ ಬಂದೀವಿ. ಅಂವನೂ ನೋಡಿರತಾನ ಅಂದ್ಕೊಂಡ್ವಿ. ಮೊದಲಿನಂಗ ಡಂಗುರ ಇದ್ದಿದ್ರ ಹೆಸರ ಹಿಡದು ಕರೀತಿದ್ರು.”

ನನ್ನ ಮೇಲೆ ಅವನಿಗೆ ಅನುಮಾನವೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 28

ಸಿಕ್ಕರು. ಕೆಳಗಿನ ಊರಿನ ಹತ್ತಿರ, ಜಾಲಿ ಕಂಟಿಯಲ್ಲಿ. ಮುಖ ನೋಡಲು ನನ್ನನ್ನು ಬಿಡಲಿಲ್ಲ.

ಸರ್ ಮಣ್ಣು ಕೊಡಲು ಬಂದಿದ್ದರು. ಬೇವಿನ ಗಿಡದ ಕಡೆಗೆ ಕರೆದರು. “ನೆಟ್ ಇರಲಿಲ್ಲ ಅಂತ ಹೇಳು. ಹೊಳಿದಂಡ್ಯಾಗ ನೆಟ್ ಎಲ್ಲಿರತದ? ಎಲ್ಲಾರೂ ನಂಬತಾರ.” ಅವರ ಕಣ್ಣೂ ಕೆಂಪಾಗಿತ್ತು. ತಲೆ ಆಡಿಸಿದೆ. ಕಾಕಿಗೂ ಅದನ್ನೇ ಹೇಳಿದೆ.

ಜುಲೈ 31

ಪ್ಲಗಿನ್ ವಾಪಸ್ ಹಾಕಿದೆ. ಬಿಲ್ಡ್ ಮೊದಲಿನ ಹಾಗೆ ಮೆಲ್ಲಗೆ ತಿರುಗಿತು. ಸರ್ ಎದ್ದು ಹೊರಗೆ ಹೋದರು.

ಸಂಜೆ ಊರಿಗೆ ಬಂದೆ. ಹೊಳೆ ಇನ್ನೂ ಇಳಿದಿಲ್ಲ. ಕಾಕಾನ ಫೋನು ಗೋಡೆಯ ಗೂಡಿನಲ್ಲೇ ಇದೆ. ಕಾಕಿ ದಿನಾ ಚಾರ್ಜಿಗೆ ಹಾಕುತ್ತಾಳಂತೆ. ಪುಟ ತೆರೆದೆ. ಕೆಂಪು. ಒಡೆದ ಗಾಜಿನ ತುಂಬ ಕೆಂಪು.

ಕಾಕಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಅವತ್ತೂ ಇಲ್ಲೇ ನಿಂತು ನೋಡಿದ್ರವಾ, ಇದೇ ಗೂಡಿನ ಮುಂದ. ಈಗ ನೆಟ್ ಬರತದ. ಅವತ್ತ ಯಾಕ ಬೆಳ್ಳಗಿತ್ತು?”

ಕಾಕಿ, ಅಂದೆ. ಅವತ್ತು ನೆಟ್ಟು... ಕಾಕಿ, ನಾನು