ಜಪಾನಿಗೆ ಹೋಗಿ ಬಂದ ಲೆನ್ಸು

ಲಕ್ಷ್ಮೇಶ್ವರ
೧೯ ನವೆಂಬರ್ ೨೦೦೫

ಪ್ರೀತಿಯ ಸೌಂದರ್ಯಾಳಿಗೆ,

ಕೈನಾತಳ ಸಲಾಮು. ಬೆಳಗಾವಿಯಲ್ಲಿ ನೀನೂ ನಿಮ್ಮವರೂ ಪುಟ್ಟಿಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಹಬ್ಬಕ್ಕೆ ಮೊದಲೇ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ ಮಾರಾಯ್ತಿ. ಈ ಸಲ ದೀಪಾವಳಿಯೂ ರಂಜಾನೂ ಬೆನ್ನುಬೆನ್ನಿಗೆ ಬಂದವು. ಹಬ್ಬ ಮುಗಿದದ್ದೇ ತಡ, ಮದುವೆಗಳು ಶುರುವಾದವು. ನಡುವೆ ಬರೆಯಲು ಕೂತದ್ದುಂಟು. ಆದರೆ ಏನು ಬರೆಯಬೇಕೆಂದು ನನಗೇ ತಿಳಿಯದೆ ಹಾಳೆ ಹರಿದು ಹಾಕಿದೆ.

‘ಜಪಾನಿಗೆ ಹೋದ ಲೆನ್ಸು ಬಂತೇನೇ?’ ಎಂದು ಕೇಳಿದ್ದೀಯ. ಬಂತು. ಆದರೆ ಬಂದದ್ದು ನಮ್ಮದೇ ಹೌದೋ ಅಲ್ಲವೋ ಎಂದು ಮನೆಯಲ್ಲಿ ದಿನಾ ವಾದ ನಡೆದಿದೆ.

ನಿನ್ನ ಮದುವೆಯಲ್ಲಿ ನಮ್ಮ ಮಾವ ಉಸ್ಮಾನಸಾಬರು ಫೋಟೋ ತೆಗೆದದ್ದು ಅದೇ ಲೆನ್ಸಿನಲ್ಲಿ. ನಮ್ಮ ಜನರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವಂತಿಲ್ಲವಲ್ಲ, ಅದಕ್ಕೆಂದು ಸೊಸೆಯಾಗಿ ಬಂದ ನನಗೆ ತಮ್ಮ ಸ್ಟುಡಿಯೋದ ಕೆಲಸ ಕಲಿಸಿದವರು ಅವರು. ನಾನೂ ಅವರನ್ನು ಅಬ್ಬಾ ಎಂದೇ ಕರೆಯುವುದು. ಕಲಿತದ್ದೂ ಆ ಲೆನ್ಸಿನ ಮೇಲೆಯೇ. ಅದರ ಮೇಲಿನ ರಬ್ಬರಿನ ಬಳೆ ಅವರ ಹೆಬ್ಬೆರಳು ಕೂರುವಲ್ಲಿ ಸವೆದು ನುಣ್ಣಗಾಗಿತ್ತು. ನನ್ನ ಬೆರಳೂ ಅದೇ ಜಾಗಕ್ಕೆ ಹೋಗಿ ಕೂರುತ್ತಿತ್ತು.

ಈ ವರ್ಷ ನಮ್ಮವರು ಹುಬ್ಬಳ್ಳಿಯಿಂದ ಡಿಜಿಟಲ್ ಕ್ಯಾಮೆರಾ ತಂದರು. ಹಳೆಯ ಲೆನ್ಸು ಅದರ ಬಾಯಿಗೆ ಸರಿಯಾಗಿ ಕೂಡುತ್ತದೆ, ಕಣ್ಣಿಟ್ಟರೆ ಎಲ್ಲ ಕಾಣುತ್ತದೆ. ಗುಂಡಿ ಒತ್ತಿದರೆ ಮಾತ್ರ ಕ್ಯಾಮೆರಾ ಏನೋ ತಪ್ಪಾಗಿದೆಯೆಂದು ತೋರಿಸಿ ಸುಮ್ಮನಾಗಿಬಿಡುತ್ತದೆ. ಮುಂಬೈಗೆ ಫೋನ್ ಮಾಡಿದಾಗ ಲೆನ್ಸ್ ಕಂಪನಿಯ ಏಜೆಂಟ್ ವಿಷಯ ತಿಳಿಸಿದ. ಲೆನ್ಸಿನೊಳಗೆ ಒಂದು ಚಿಪ್ ಇರುತ್ತದಂತೆ, ಕ್ಯಾಮೆರಾದ ಜೊತೆ ಮಾತಾಡುವುದು ಅದರ ಕೆಲಸವಂತೆ. ಹಳೆಯ ಚಿಪ್‌ಗೆ ಹೊಸ ಕ್ಯಾಮೆರಾದ ಮಾತು ತಿಳಿಯುವುದಿಲ್ಲ, ಕಳಿಸಿಕೊಟ್ಟರೆ ಜಪಾನಿನಲ್ಲಿ ಬದಲಿಸಿ ಕೊಡುತ್ತೇವೆ ಎಂದ.

ಅಬ್ಬಾ ಕೇಳಿ ತಲೆ ಕೊಡವಿದರು. “ಗಾಜು ಅದ ಐತಿ, ಬೆಳಕೂ ಅದ ಐತಿ. ಇವುಕ್ಕ ನಡುವ ಮಾತು ಯಾಕ ಬೇಕಲೇ ಶಾಕೀರ?”

ನಮ್ಮವರು ಏಜೆಂಟ್ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರು. ಕೊನೆಗೆ ಅಬ್ಬಾ ತಾವೇ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಟ್ಟರು. ಅದು ಹೋದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಕೊರಿಯರ್ ಅಂಗಡಿಗೆ ದಿನವೂ ಹೋಗಿ ವಿಚಾರಿಸತೊಡಗಿದರು. ಒಂದು ದಿನ ಅಂಗಡಿಯವನು ನಮ್ಮವರಿಗೆ, “ಅಜ್ಜಾರು ಈಗರ ಕೇಳಿ ಹೋದ್ರು, ತಿರುಗಿ ಬಂದು ಮತ್ತ ಅದನ್ನ ಕೇಳ್ತಾರ್ರೀ” ಅಂದನಂತೆ. ನಾವು ನಕ್ಕೆವು. ಇಷ್ಟು ವರ್ಷ ಕೈಯಲ್ಲಿದ್ದದ್ದು, ಜೀವ ತಡೆಯುತ್ತಿಲ್ಲ ಎಂದುಕೊಂಡೆವು.

ಮಳೆಗಾಲ ಮುಗಿಯುವಾಗ ಲೆನ್ಸು ಬಂತು. ಚಿಪ್ ಬದಲಿಸಿದ್ದರು. ಒಳಗಿನ ಬೂಷ್ಟು ತೆಗೆದು ಗಾಜು ತೊಳೆದಿದ್ದರು. ಸವೆದಿದೆಯೆಂದು ರಬ್ಬರನ್ನೂ ಹೊಸದು ಹಾಕಿದ್ದರು. ಕ್ಯಾಮೆರಾಕ್ಕೆ ಕೂಡಿಸಿ ಗುಂಡಿ ಒತ್ತಿದರೆ ಟಕ್ಕೆಂದು ಫೋಟೋ ಬಂತು. ನಾವೆಲ್ಲ ಖುಷಿಪಟ್ಟೆವು. ಅಬ್ಬಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದರು, ಮತ್ತೆ ತಿರುಗಿಸಿದರು. ನಂತರ ಮೇಜಿನ ಮೇಲಿಟ್ಟರು.

“ಇದು ನಮ್ದಲ್ಲ.”

“ನಂಬರ್ ನೋಡ್ರಿ ಅಬ್ಬಾ, ಅದ ನಂಬರ್ ಐತಿ,” ಎಂದರು ನಮ್ಮವರು.

“ನಂಬರ್ ಯಾರರ ಕೆತ್ತಬಹುದು. ನಮ್ಮ ಲೆನ್ಸ್ ಎಲ್ಲೈತಿ?”

“ಗಾಜು ನಮ್ದ ಅಬ್ಬಾ. ಒಳಗಿನ ಚಿಪ್ ಅಷ್ಟ ತಗದಾರ.”

“ತಗದಿದ್ದನ್ನ ಏನ್ ಮಾಡಿದ್ರು? ಅದನ್ಯಾಕ ಕೊಡಲಿಲ್ಲ? ಅದರಾಗ ಏನೇನಿತ್ತೋ ಏನೋ!”

ನಮ್ಮವರು ಮುಂಬೈಗೆ ಮತ್ತೆ ಫೋನ್ ಮಾಡಿದರು. ಏಜೆಂಟ್ ಪಾಪ, ಬೇಸರಪಡದೆ ಎಲ್ಲ ವಿವರಿಸಿ ಹೇಳಿದ. ಅಬ್ಬಾ ಒಪ್ಪಲಿಲ್ಲ.

ಖರೆ ಹೇಳಲೇ? ನನಗೂ ಅನುಮಾನ ಬಂತು. ಮುಂಡರಗಿಯಲ್ಲಿ ಜನ್ನತಬಿಯವರ ಮೊಮ್ಮಗಳ ಮದುವೆಗೆ ಅದನ್ನೇ ಹಿಡಿದು ಹೋಗಿದ್ದೆ. ಬೆರಳು ಆ ನುಣ್ಣನೆಯ ಜಾಗವನ್ನು ಹುಡುಕಿ ಹುಡುಕಿ ಸೋತಿತು. ಆದರೆ ಮದುಮಗಳ ಮೂಗುತಿಯ ಹರಳು, ಅಜ್ಜಿಯ ಗಲ್ಲದ ಮಚ್ಚೆ ಎಲ್ಲವೂ ಇದ್ದದ್ದಕ್ಕಿಂತ ಸ್ಪಷ್ಟವಾಗಿ ಮೂಡಿದ್ದವು. ಇಷ್ಟು ಚೊಕ್ಕ ನಮ್ಮ ಲೆನ್ಸಿನಲ್ಲಿ ಎಂದು ಬಂದಿತ್ತು? ಬೂಷ್ಟು ಹೋದದ್ದಕ್ಕೆ ಹೀಗೋ, ಲೆನ್ಸೇ ಬೇರೆಯೋ? ಕೇಳಿದರೆ ನಮ್ಮವರು, “ಅಬ್ಬಾನ ಸಂಗಡ ನಿನಗೂ ತಲಿ ಕೆಟ್ಟೈತಿ” ಎಂದು ರೇಗಿದರು.

ಗದಗಿನ ಲ್ಯಾಬಿನಿಂದ ಪ್ರಿಂಟ್ ಬಂದಾಗ ಅಬ್ಬಾರಿಗೆ ತೋರಿಸಿದೆ. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, “ಚಲೋ ಅದಾವ. ಯಾರು ತಗದಿದ್ದು?” ಎಂದರು. ಕಾಲೆಳೆಯುತ್ತಿದ್ದಾರೆ ಎಂದುಕೊಂಡೆ. ಒಂದು ಬೆಳಿಗ್ಗೆ ಕಪಾಟಿನಿಂದ ಹಳೆಯ ಫಿಲ್ಮ್ ರೋಲು ತಂದು, ಹಾಕಲು ಹೊಸ ಕ್ಯಾಮೆರಾದ ಬೆನ್ನು ತೆರೆಯಲು ನೋಡಿದರು. ಇದಕ್ಕೆ ರೋಲು ಬೇಡ ಎಂದು ನಮ್ಮವರು ಬಿಡಿಸಿ ಹೇಳಿದರು. ಮರುದಿನ ಮತ್ತೆ ರೋಲು ತಂದರು. ಅದರಲ್ಲೂ ನಮಗೆ ವಿಶೇಷ ಕಾಣಲಿಲ್ಲ. ನಾನೇ ಒಮ್ಮೆ ಶಿರಹಟ್ಟಿಯ ಕಾರ್ಯಕ್ರಮದ ಫೋಟೋಗಳನ್ನೆಲ್ಲ ತಿಳಿಯದೆ ಅಳಿಸಿ ಅತ್ತಿದ್ದೆ. ನಮ್ಮವರು ಸಣ್ಣಪುಟ್ಟದ್ದಕ್ಕೂ ಗದಗಿನ ಲ್ಯಾಬಿಗೆ ಫೋನ್ ಹಚ್ಚುತ್ತಾರೆ. ಎಲ್ಲರೂ ತಡವರಿಸುತ್ತಿರುವ ಮನೆಯಲ್ಲಿ ಯಾರ ಗೊಂದಲ ಎಂಥದ್ದೆಂದು ಹೇಗೆ ತಿಳಿಯಬೇಕು ಹೇಳು?

ಇರಲಿ. ಪುಟ್ಟಿಯ ಹಣೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತಿಡು. ನಿಮ್ಮ ಅತ್ತೆಯವರ ಮೊಣಕಾಲು ನೋವು ಬೇಗ ಇಳಿಯಲಿ. ಅಲ್ಲಾಹ್ ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ,
ಕೈನಾತ

ತಾ.ಕ.: ಪತ್ರ ಮಡಚಿ ಕವರಿಗೆ ಹಾಕಿದ್ದವಳು ಮತ್ತೆ ತೆಗೆದೆ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ.

ಇವತ್ತು ಮಧ್ಯಾಹ್ನ ಬುತ್ತಿ ಕೊಡಲು ಸ್ಟುಡಿಯೋಕ್ಕೆ ಹೋದೆ. ಅಬ್ಬಾ ಒಬ್ಬರೇ ಇದ್ದರು. ನನ್ನನ್ನು ಕಂಡು ಎದ್ದು ನಿಂತರು. “ಬರ್ರಿ ಬಾಯಾರ, ಕುಂಡ್ರಿ. ಫೋಟೋ ತಗಿಸೂದೈತೇನ್ರಿ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಕುರ್ಚಿ ಒರೆಸಿ ಫ್ಯಾನು ಹಾಕಿದರು.

“ಹೆಣ್ಮಕ್ಕಳ ಫೋಟೋ ನಮ್ಮ ಸೊಸಿ ತಗೀತಾಳ್ರಿ. ನನಗಿಂತ ಚಲೋ ತಗೀತಾಳ. ಮನಿಗೆ ಹೋಗ್ಯಾಳ, ಈಗ ಬರ್ತಾಳ. ಜರಾ ಕುಂಡ್ರಿ.”

ಇಷ್ಟು ವರ್ಷದಲ್ಲಿ ನನ್ನೆದುರು ನನ್ನನ್ನು ಅವರು ಹೀಗೆ ಒಮ್ಮೆಯೂ ಹೊಗಳಿದವರಲ್ಲ, ಸೌಂದರ್ಯಾ. ‘ಅಬ್ಬಾ, ನಾನ ಕೈನಾತ’ ಎನ್ನಬೇಕಿತ್ತು. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನನಗೆ ಬೇಸರವಾದೀತೆಂದು ಅವರು ಆಗಾಗ ಹೊರಗೆ ಇಣುಕಿ, “ಬಂದಳರಿ, ಇನ್ನೇನ್ ಬಂದಳು” ಎನ್ನುತ್ತಿದ್ದರು. ಅವರು ನೋಡಿದಾಗಲೆಲ್ಲ ನಾನೂ ಬಾಗಿಲ ಕಡೆ ನೋಡಿದೆ.